ಬಿಡಬಲ್ಲ ಅಂಟಿನ ಕಥೆ

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ನಮ್ಮ ತರಗತಿಯ ಗೋಡೆಯಲ್ಲಿ ಭೂಪಟ ತೂಗುಹಾಕಲು ಎರಡು ಮೊಳೆಗಳಿದ್ದವು. ನೀವು ಬರೆದ ಚಾರ್ಟುಗಳಿಗೆ ಆ ಭಾಗ್ಯವಿರಲಿಲ್ಲ. ಅವುಗಳನ್ನು ಮೈದಾ ಹಿಟ್ಟು ಕುದಿಸಿದ ಅಂಟಿನಿಂದ ಹಚ್ಚುತ್ತಿದ್ದೆವು. ವರ್ಷಾಂತ್ಯದಲ್ಲಿ ಕೀಳಹೋದರೆ ಕಾಗದದ ಜೊತೆಗೆ ಗೋಡೆಯ ಸುಣ್ಣವೂ ಹಕ್ಕಳೆಯಾಗಿ ಬರುತ್ತಿತ್ತು. ಅಂಟು ಎಂದರೆ ಹಿಡಿದದ್ದನ್ನು ಬಿಡದಿರುವ ವಸ್ತು ಎಂದೇ ನಾನು ಬಹುಕಾಲ ತಿಳಿದಿದ್ದೆ.

ಈ ತಿಳಿವಳಿಕೆ ಬದಲಾದದ್ದು ಮಗನ ಬಾಡಿಗೆ ಮನೆಗೆ ಬಂದ ಮೇಲೆ. ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ ಎಂಬುದು ಕರಾರುಪತ್ರದ ಒಂದು ಷರತ್ತು. ನನ್ನ ತಾಯಿಯವರ ಭಾವಚಿತ್ರ ಹಲವು ದಿನ ಬೀರುವಿನ ಮೇಲೆ ಗೋಡೆಗೊರಗಿಯೇ ಇತ್ತು. ಅದನ್ನು ಕಂಡ ಸೊಸೆ ಅಂಗಡಿಯಿಂದ ಒಂದು ಅಂಟುಕೊಕ್ಕೆಯನ್ನು ತಂದುಕೊಟ್ಟಳು. ನಾನು ಉತ್ಸಾಹದಿಂದ ಅದನ್ನು ಹಚ್ಚಿ, ಆ ಕ್ಷಣವೇ ಚಿತ್ರವನ್ನು ತೂಗಿಸಿ, ಒದ್ದೆಯಾದ ಮಲ್ಲಿಗೆಯ ಮಾಲೆಯನ್ನೂ ಹಾಕಿದೆ. ನಡುರಾತ್ರಿ ಚಿತ್ರ ಕೆಳಗೆ ಬಿದ್ದು ಗಾಜು ಚೂರಾಯಿತು. ತಾಯಿಯ ಮುಖದ ಮೇಲಿನ ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸುವಾಗ ನನಗಾದ ಸಂಕಟವನ್ನು ಇಲ್ಲಿ ವಿವರಿಸಲಾರೆ. ಮರುದಿನ ಪೊಟ್ಟಣದ ಹಿಂಬದಿಯನ್ನು ಓದಿದೆ. ಎಷ್ಟು ತೂಕ ಹಾಕಬಹುದು, ಎಷ್ಟು ಹೊತ್ತು ಕಾಯಬೇಕು ಎಂಬುದೆಲ್ಲ ಅಲ್ಲಿ ಅಚ್ಚಾಗಿತ್ತು. ತಪ್ಪು ಕೊಕ್ಕೆಯದಲ್ಲ, ನನ್ನದು. ಅಂದಿನಿಂದ ಈ ಪುಟ್ಟ ಪಟ್ಟಿಯ ಇತಿಹಾಸವನ್ನು ಕೆದಕತೊಡಗಿದೆ.

ಅಂಟಿನ ಇತಿಹಾಸ ಬಹು ದೀರ್ಘವಾದುದು. ಇಟಲಿಯ ಕ್ಯಾಂಪಿಟೆಲ್ಲೋ ಎಂಬಲ್ಲಿ ಸುಮಾರು 2,00,000 ವರ್ಷಗಳಷ್ಟು ಹಳೆಯ ಕಲ್ಲಿನ ಚಕ್ಕೆಗಳು ಬರ್ಚ್ ಮರದ ತೊಗಟೆಯಿಂದ ತೆಗೆದ ಕೀಲಿನೊಡನೆ ದೊರೆತಿವೆ. ನಮ್ಮಲ್ಲಿಯೂ ಚೂರಿಗೆ ಹಿಡಿ ಕೂರಿಸಲು ಅರಗನ್ನು ಬಳಸುತ್ತಿದ್ದರು. ಇವೆಲ್ಲದರ ಗುರಿ ಒಂದೇ: ಹಿಡಿದದ್ದು ಬಿಡಬಾರದು.

ಒತ್ತಿದರೆ ಅಂಟಿಕೊಳ್ಳುವ ಪಟ್ಟಿ ಮೊದಲು ಬಂದದ್ದು ವೈದ್ಯರ ಕೈಗೆ. 1845ರಲ್ಲಿ ಅಮೆರಿಕದಲ್ಲಿ ಬಟ್ಟೆಯ ಪಟ್ಟಿಗೆ ರಬ್ಬರಿನ ಅಂಟು ಲೇಪಿಸಿದ ಗಾಯದ ಪ್ಲಾಸ್ಟರಿಗೆ ಹಕ್ಕುಪತ್ರ ದೊರೆಯಿತು. ಗಾಯದ ಪಟ್ಟಿಯನ್ನು ಎಂದಾದರೊಂದು ದಿನ ಬಿಚ್ಚಲೇಬೇಕಲ್ಲವೇ? ಅಂಟು ಬಿಡುವುದನ್ನೂ ಕಲಿಯಬೇಕಾದದ್ದು ಹೀಗೆ.

ಮುಂದಿನ ಹೆಜ್ಜೆ ಮೋಟಾರು ಕಾರಿನ ಕಾರ್ಖಾನೆಗಳಲ್ಲಿ ಕಾಣುತ್ತದೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಎರಡು ಬಣ್ಣದ ಕಾರುಗಳು ಜನಪ್ರಿಯವಾದವು. ಒಂದು ಬಣ್ಣ ಬಳಿಯುವಾಗ ಇನ್ನೊಂದನ್ನು ಕಾಗದದಿಂದ ಮುಚ್ಚಬೇಕು. ಆ ಕಾಗದವನ್ನು ಕೀಳುವಾಗ ನಮ್ಮ ತರಗತಿಯ ಸುಣ್ಣದಂತೆಯೇ ಹೊಸ ಬಣ್ಣವೂ ಕಿತ್ತುಬರುತ್ತಿತ್ತು. ಮಿನ್ನೆಸೋಟ ರಾಜ್ಯದ ಮರಳುಕಾಗದದ ಕಂಪನಿಯೊಂದರಲ್ಲಿ, ಅಂದರೆ ಇಂದಿನ ತ್ರೀ ಎಂ ಕಂಪನಿಯಲ್ಲಿ, ರಿಚರ್ಡ್ ಡ್ರೂ ಎಂಬ ತರುಣನಿದ್ದ. ಇಂಜಿನಿಯರಿಂಗ್ ಓದನ್ನು ಅರ್ಧಕ್ಕೆ ಬಿಟ್ಟವನು. ಮರಳುಕಾಗದದ ಪರೀಕ್ಷೆಗೆಂದು ಹೋದ ಆತ ಬಣ್ಣಗಾರರ ಈ ಗೋಳನ್ನು ಕಂಡ. 1925ರಲ್ಲಿ ಬಣ್ಣಕ್ಕೆ ಹಾನಿಯಾಗದಂತೆ ಬಿಟ್ಟುಬರುವ ಕಾಗದದ ಟೇಪನ್ನು ಸಿದ್ಧಪಡಿಸಿದ. 1930ರಲ್ಲಿ ಆತನದೇ ಪಾರದರ್ಶಕ ಟೇಪು ಬಂದಿತು. ಮಹಾ ಆರ್ಥಿಕ ಕುಸಿತದ ಆ ಕಾಲದಲ್ಲಿ ಹರಿದದ್ದನ್ನು ಎಸೆಯದೆ ಅಂಟಿಸಿ ಬಳಸಲು ಜನರಿಗೆ ಅದು ಒದಗಿತು. ನಾವು ಎಲ್ಲ ಪಾರದರ್ಶಕ ಟೇಪನ್ನೂ ಸೆಲೋಟೇಪ್ ಎನ್ನುತ್ತೇವಲ್ಲ, ಅದು 1937ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಹೆಸರು.

ಅದೇ ಕಂಪನಿಯ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಬಲವಾದ ಅಂಟನ್ನು ಹುಡುಕುತ್ತ ದುರ್ಬಲವಾದ ಅಂಟೊಂದನ್ನು ಪಡೆದರು. ಪರೀಕ್ಷೆಯ ದೃಷ್ಟಿಯಿಂದ ಅದು ಅನುತ್ತೀರ್ಣ! ಆದರೆ 1974ರಲ್ಲಿ ಅವರ ಸಹೋದ್ಯೋಗಿ ಆರ್ಟ್ ಫ್ರೈ, ಚರ್ಚಿನ ಹಾಡಿನ ಪುಸ್ತಕದಿಂದ ಜಾರಿಬೀಳುತ್ತಿದ್ದ ಗುರುತಿನ ಚೀಟಿಗಳಿಗೆ ಅದೇ ತಕ್ಕ ಅಂಟೆಂದು ಕಂಡುಕೊಂಡರು. 1980ರಲ್ಲಿ ಅದು ಪೋಸ್ಟ್-ಇಟ್ ಚೀಟಿಯಾಗಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂದಿತು.

ಆದರೆ ಆ ಚೀಟಿ ತನ್ನ ಭಾರವನ್ನಷ್ಟೇ ಹೊರಬಲ್ಲದು. ಭಾರವನ್ನೂ ಹೊರಬೇಕು, ಬೇಡವೆಂದಾಗ ಬಿಡಲೂ ಬೇಕು ಎಂದರೆ ಹೇಗೆ? ಇದಕ್ಕೆ ಉತ್ತರವೇ ಎಳೆದರೆ ಹಿಗ್ಗುವ ಪಟ್ಟಿ. ತ್ರೀ ಎಂ ಕಂಪನಿ 1996ರಲ್ಲಿ ಕಮಾಂಡ್ ಎಂಬ ಹೆಸರಿನಲ್ಲಿ ಇಂಥ ಪಟ್ಟಿಗಳನ್ನು ಮಾರುಕಟ್ಟೆಗೆ ತಂದಿತು. ಪಟ್ಟಿಯ ತುದಿಯನ್ನು ಗೋಡೆಗೆ ಸಮಾನಾಂತರವಾಗಿ ಕೆಳಕ್ಕೆ ನಿಧಾನವಾಗಿ ಎಳೆದರೆ ಅದು ಹಿಗ್ಗಿ ತೆಳುವಾಗುತ್ತದೆ. ಅಂಚಿನಿಂದ ಇಷ್ಟಿಷ್ಟೇ ಕಳಚಿಕೊಂಡು ಕಲೆ ಉಳಿಸದೆ ಬರುತ್ತದೆ. ನಮ್ಮ ಕಡೆಗೆ, ಅಂದರೆ ಮುಂದಕ್ಕೆ ಎಳೆದರೆ ಮಾತ್ರ ಬಣ್ಣವೂ ಕಿತ್ತುಬಂದೀತು.

ಈಗ ನಮ್ಮ ಮನೆಯಲ್ಲಿ ಇವುಗಳಿಗೆ ಹಲವು ಉದ್ಯೋಗಗಳಿವೆ. ಅಡುಗೆಮನೆಯ ಬೀರುವಿನ ಬಾಗಿಲಿನ ಒಳಮೈಯಲ್ಲಿ ಸೌಟು, ಜಾಲರಿಗಳು ತೂಗುತ್ತವೆ. ಮೇಜಿನ ಹಿಂಬದಿಯಲ್ಲಿ ಫೋನಿನ ತಂತಿ ನೆಲಕ್ಕೆ ಬೀಳದೆ ನಿಲ್ಲುತ್ತದೆ. ಹಬ್ಬದ ದಿನ ಬಾಗಿಲಿನ ಎರಡು ಬದಿಗೆ ಕೊಕ್ಕೆ ಹಚ್ಚಿದರೆ ಮಾವಿನ ತೋರಣಕ್ಕೆ ಮೊಳೆ ಬೇಡ. ನನ್ನ ಮಾತ್ರೆಗಳ ವೇಳಾಪಟ್ಟಿ ಬೀರುವಿನ ಒಳಗಿದೆ. ಕೊಡೆಯೂ ಬೀಗದಕೈಯೂ ಹೊರಬಾಗಿಲ ಬಳಿ ಸಿಗುತ್ತವೆ.

ಹಚ್ಚುವವರಿಗೆ ಕೆಲವು ಮಾತು. ಸುಣ್ಣ ಬಳಿದ, ಪುಡಿ ಉದುರುವ ಗೋಡೆಗೆ ಇವು ಸಲ್ಲವು. ನಯವಾದ ಬಣ್ಣದ ಗೋಡೆ, ಟೈಲು, ಗಾಜು ಒಳ್ಳೆಯದು. ಔಷಧದ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ಟಿನಿಂದ ಜಾಗವನ್ನು ಒರೆಸಿ ಒಣಗಿಸಿರಿ. ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿರಿ. ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಒಂದು ಗಂಟೆ, ಕಾದ ಮೇಲೆಯೇ ಭಾರ ಹಾಕಿರಿ. ಮಲಗುವವರ ತಲೆಯ ಮೇಲ್ಭಾಗದಲ್ಲಿ ಏನನ್ನೂ ತೂಗಿಸಬೇಡಿರಿ.

ಹೊಸ ಗಾಜು ಹಾಕಿಸಿದ ತಾಯಿಯವರ ಚಿತ್ರ ಈಗ ತೂಕಕ್ಕೆ ತಕ್ಕ ಪಟ್ಟಿಗಳ ಮೇಲೆ ನೆಟ್ಟಗೆ ನಿಂತಿದೆ. ಮಲ್ಲಿಗೆಯ ಬದಲು ಹಗುರವಾದ ಗಂಧದ ಹಾರವಿದೆ. ಮುಂದೆ ಈ ಮನೆ ಬಿಡುವಾಗ ಅವರನ್ನು ಜೊತೆಗೆ ಕರೆದೊಯ್ಯುತ್ತೇವೆ. ಗೋಡೆಯನ್ನು ಇದ್ದಂತೆಯೇ ಒಡೆಯರಿಗೆ ಒಪ್ಪಿಸುತ್ತೇವೆ.

ಪ್ರಶ್ನೆಪತ್ರಿಕೆಯನ್ನು ಎರಡು ಬಾರಿ ಓದಿ ಬಳಿಕ ಉತ್ತರಿಸಿರಿ ಎಂದು ನಿಮಗೆ ವರ್ಷವರ್ಷವೂ ಹೇಳುತ್ತಿದ್ದವನು ನಾನು. ಪೊಟ್ಟಣದ ಹಿಂಬದಿಯನ್ನು ಒಂದು ಬಾರಿಯೂ ಓದಿರಲಿಲ್ಲ. ನೀವಾದರೂ ಓದಿರಿ.