ಗೃಹಭಂಗವೂ ತೆಂಗಿನ ಸೀಮೆಯ ಗತಕಾಲವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಗತಜೀವನವನ್ನು ಅರಸಹೊರಟ ಜಿಜ್ಞಾಸುವಿಗೆ ರಾಜಶಾಸನಗಳಿಗಿಂತಲೂ ಹೆಚ್ಚಿನ ನೆರವನ್ನೀಯುವ ಕೃತಿ, ಎಸ್. ಎಲ್. ಭೈರಪ್ಪನವರ ಕಾದಂಬರಿ ‘ಗೃಹಭಂಗ’. 1970ರಲ್ಲಿ ಪ್ರಕಟವಾದ, 1920ರಿಂದ 1940ರ ದಶಕದವರೆಗಿನ ಶಾನುಭೋಗ ಮನೆತನವೊಂದರ ಈ ಕಥಾನಕವನ್ನೋದಿದವರಲ್ಲಿ, ಪ್ಲೇಗು ಮಾರಿಗೆ ತಾಯಿಯನ್ನು ಕಳೆದುಕೊಂಡ ಲೇಖಕರ ಆತ್ಮವೃತ್ತಾಂತವೇ ಇದೆಂದು ಭಾವಿಸುವವರುಂಟು. ಶೋಕವು ಮಿತಿಮೀರಿತೆಂದು ಆಕ್ಷೇಪಿಸುವವರೂ ಉಂಟು. ಆದರೆ ಅಯೋಗ್ಯನಾದ ಪತಿಯ ಹೆಸರಿನಲ್ಲಿ ಕಂದಾಯದ ಲೆಕ್ಕಗಳನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಮಕ್ಕಳನ್ನು ಸಲಹಿದ ಕಥಾನಾಯಕಿ ನಂಜಮ್ಮನ ಧೈರ್ಯವನ್ನೂ, ಪ್ಲೇಗಿನ ಸೂಚನೆಯಾಗಿ ಇಲಿ ಸತ್ತು ಬಿದ್ದೊಡನೆ ಊರನ್ನು ತೊರೆದು ಬಯಲಿನ ಗುಡಿಸಲುಗಳನ್ನು ಸೇರುತ್ತಿದ್ದ ಜನರ ಸಂಕಟವನ್ನೂ ಇಷ್ಟು ನಿಷ್ಠುರವಾಗಿ ನಿರೂಪಿಸಿದ ಗ್ರಂಥವು ವಿರಳವಾದುದರಿಂದ, ಆ ಶೋಕವನ್ನು ಅಂದಿನ ಜನಜೀವನದ ಯಥಾರ್ಥ ಚಿತ್ರಣವೆಂದೇ ಸ್ವೀಕರಿಸುವುದು ನ್ಯಾಯಸಮ್ಮತವಾದುದು.