ಪಾರ್ಶ್ವವಾಯುವಿನ ಚಿಕಿತ್ಸೆ ನಡೆದುಬಂದ ದಾರಿ

ನಮ್ಮ ಹಳ್ಳಿಗಳಲ್ಲಿ ಲಕ್ವವೆಂದೂ, ಶಿಷ್ಟರ ಮಾತಿನಲ್ಲಿ ಪಾರ್ಶ್ವವಾಯುವೆಂದೂ, ಆಯುರ್ವೇದ ಗ್ರಂಥಗಳಲ್ಲಿ ಪಕ್ಷಾಘಾತವೆಂದೂ ಕರೆಯಲ್ಪಡುವ ರೋಗವನ್ನು ಕಾಣದ ಮನೆತನಗಳು ವಿರಳ. ನಿನ್ನೆ ಸಂಜೆಯವರೆಗೂ ಹೊಲಮನೆಗಳ ವ್ಯವಹಾರವನ್ನು ನೋಡಿಕೊಂಡಿದ್ದ ಹಿರಿಯರು ಬೆಳಗಾಗುವಷ್ಟರಲ್ಲಿ ಒಂದು ಕೈ, ಒಂದು ಕಾಲು ಸ್ವಾಧೀನ ತಪ್ಪಿ, ಬಾಯಿ ವಾಲಿ, ಮಾತು ತೊದಲಿ ಮಲಗಿರುವುದು ಎಂಥ ಧೈರ್ಯಶಾಲಿಯನ್ನೂ ಕಂಗೆಡಿಸುವ ನೋಟವು. ಈ ಸಂಪುಟಕ್ಕಾಗಿ ವೈದ್ಯಶಾಸ್ತ್ರದ ಚರಿತ್ರೆಯನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಹಾಶಯರು ಕೇಳಿದಾಗ, ನನ್ನ ಮನಸ್ಸಿಗೆ ಮೊದಲು ಹೊಳೆದುದು ಈ ರೋಗವೇ. ಇದರ ಚಿಕಿತ್ಸೆಯ ಚರಿತ್ರೆಯಲ್ಲಿ ಧೀರರಾದ ಶಸ್ತ್ರವೈದ್ಯರ ಕೈಚಳಕದ ಕಥೆಗಳು ಅನೇಕವಾಗಿವೆ. ಆದರೆ ನನಗೆ ಅವುಗಳಿಗಿಂತ ಹೆಚ್ಚಿನದೆಂದು ತೋರಿದ್ದು ಬೇರೊಂದು ಸಂಗತಿ. ತಮಗೆ ನಿಶ್ಚಯವಾಗಿ ಗೊತ್ತಿದೆಯೆಂದು ನಂಬಿದ್ದುದನ್ನೇ ವೈದ್ಯರು ಪರೀಕ್ಷೆಗೆ ಒಡ್ಡಿದರು. ಒಡ್ಡಿದಾಗಲೆಲ್ಲ ಅವರ ನಿಶ್ಚಯವು ಏನಾಯಿತೆಂಬುದೇ ಆ ಸಂಗತಿ.

ಚರಕ ಸುಶ್ರುತ ಸಂಹಿತೆಗಳು ಪಕ್ಷಾಘಾತವನ್ನು ವಾತವ್ಯಾಧಿಗಳ ಸಾಲಿನಲ್ಲಿ ಎಣಿಸಿ ಲಕ್ಷಣಗಳನ್ನು ವಿವರಿಸಿವೆ. ಗ್ರೀಕರು ಇದನ್ನು 'ಹೊಡೆತ' ಎಂಬರ್ಥದ ಶಬ್ದದಿಂದ ಕರೆದರು. ಸಿಡಿಲು ಬಡಿದಂತೆ ಮನುಷ್ಯನು ಒಮ್ಮೆಲೆ ಬೀಳುವುದೇ ಆ ಹೆಸರಿಗೆ ಕಾರಣ. ಕೊರಳಿನ ಎರಡು ಪಕ್ಕಗಳಲ್ಲಿ ಮಿಡಿಯುವ ಧಮನಿಗಳಿಗೆ ಅವರಿಟ್ಟ 'ಕೆರೋಟಿಡ್' ಎಂಬ ಹೆಸರೂ ಕುತೂಹಲಕರವಾದುದು. ಅದರ ಮೂಲಧಾತುವಿಗೆ ಗಾಢನಿದ್ರೆ ಬರಿಸುವುದೆಂದು ಅರ್ಥ. ಅವುಗಳನ್ನು ಒತ್ತಿ ಹಿಡಿದರೆ ಮನುಷ್ಯನು ಎಚ್ಚರ ತಪ್ಪುವನೆಂಬುದನ್ನು ಆ ಪ್ರಾಚೀನರು ಅರಿತಿದ್ದರು. ಮಿದುಳಿನ ರೋಗ, ಕೊರಳಿನ ಧಮನಿ, ಎಚ್ಚರ ತಪ್ಪಿಸುವಿಕೆ ಇವು ಮೂರೂ ಆ ಒಂದೇ ಹೆಸರಿನಲ್ಲಿ ಅಡಕವಾಗಿದ್ದುವು. ಅವುಗಳ ನಿಜವಾದ ಸಂಬಂಧವು ತಿಳಿಯುವುದಕ್ಕೆ ಮಾತ್ರ ಎರಡು ಸಾವಿರ ವರ್ಷಗಳು ಬೇಕಾದುವು.

ಕ್ರಿ.ಶ. 1658ರಲ್ಲಿ ಸ್ವಿಟ್ಜರ್ಲೆಂಡಿನ ಷಾಫ್‌ಹೌಸನ್ ಎಂಬ ಊರಿನ ವೈದ್ಯನಾದ ಯೋಹಾನ್ ಯಾಕೋಬ್ ವೆಪ್ಫರ್ ಎಂಬಾತನು, ಈ ರೋಗದಿಂದ ತೀರಿಕೊಂಡವರ ಶವಗಳನ್ನು ಪರೀಕ್ಷಿಸಿ, ಮಿದುಳಿನೊಳಗೆ ರಕ್ತವು ಸುರಿದಿರುವುದನ್ನು ಕಂಡು ಗ್ರಂಥವನ್ನು ಬರೆದನು. ಧಮನಿಗಳು ಕಟ್ಟಿಕೊಂಡು ರಕ್ತ ಸಲ್ಲದಿದ್ದರೂ ಈ ಅನಾಹುತವು ಸಂಭವಿಸಬಹುದೆಂದು ಆತನೇ ಸೂಚಿಸಿದನು. ಇಂದಿಗೂ ಈ ರೋಗದ ಎರಡು ಮುಖ್ಯ ಭೇದಗಳು ಇವೇ: ನಾಳವು ಒಡೆಯುವುದು, ನಾಳವು ಮುಚ್ಚುವುದು. ಆರು ವರ್ಷಗಳ ತರುವಾಯ, 1664ರಲ್ಲಿ, ಇಂಗ್ಲೆಂಡಿನ ಥಾಮಸ್ ವಿಲ್ಲಿಸನು ಮಿದುಳಿನ ಅಡಿಯಲ್ಲಿ ಧಮನಿಗಳು ಒಂದನ್ನೊಂದು ಕೂಡಿ ಉಂಗುರದಂತಿರುವುದನ್ನು ವಿವರಿಸಿದನು. ಆ ಗ್ರಂಥಕ್ಕೆ ಚಿತ್ರಗಳನ್ನು ಬರೆದವನು ಕ್ರಿಸ್ಟೋಫರ್ ರೆನ್, ಮುಂದೆ ಲಂಡನ್ನಿನ ಸೇಂಟ್ ಪಾಲ್ ಮಂದಿರವನ್ನು ಕಟ್ಟಿಸಿದ ಶಿಲ್ಪಿ! ವಿಲ್ಲಿಸನಿಗೆ ಒಂದು ಶವದಲ್ಲಿ ಒಂದು ಪಕ್ಕದ ಕಂಠಧಮನಿಯು ಬಹುಮಟ್ಟಿಗೆ ಮುಚ್ಚಿಹೋಗಿದ್ದುದು ಕಂಡಿತು. ಆದರೂ ಆ ಮನುಷ್ಯನು ಬದುಕಿದ್ದಾಗ ಪಾರ್ಶ್ವವಾಯುವಿನಿಂದ ನರಳಿದವನಲ್ಲ. ಸತ್ತುದು ಬೇರೆ ರೋಗದಿಂದ. ಒಂದು ಕಾಲುವೆಯು ಬತ್ತಿದರೂ ಪಕ್ಕದ ಕಾಲುವೆಯ ನೀರು ಗದ್ದೆಗೆ ಹರಿಯುವಂತೆ, ಉಂಗುರದ ಇನ್ನೊಂದು ಕಡೆಯಿಂದ ರಕ್ತವು ಬಂದು ಒದಗಿತ್ತು. ಆದರೆ ಈ ಆಶ್ರಯವು ಎಲ್ಲರಲ್ಲಿಯೂ ಸಮನಾಗಿರುವುದಿಲ್ಲ. ಯಾರಲ್ಲಿ ಇದೆ, ಯಾರಲ್ಲಿ ಇಲ್ಲ ಎಂಬ ಪ್ರಶ್ನೆಯು ಮುಂದೆ ಶಸ್ತ್ರವೈದ್ಯರ ನಿದ್ದೆಗೆಡಿಸಿತು.

ಶಸ್ತ್ರಚಿಕಿತ್ಸೆಯ ಮಾತು ಬರುವುದಕ್ಕೆ ಮುಂಚೆ ಅರಿವಳಿಕೆಯ ಮಾತನ್ನು ಆಡಬೇಕು. 1846ನೆಯ ಅಕ್ಟೋಬರ್ 16ರಂದು ಅಮೆರಿಕದ ಬೋಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮಾರ್ಟನ್ ಎಂಬ ದಂತವೈದ್ಯನು ಈಥರಿನ ಆವಿಯನ್ನು ಮೂಸಿಸಿ ಒಬ್ಬ ತರುಣನ ಎಚ್ಚರವನ್ನು ಮರೆಸಿದನು. ವಾರೆನ್ ಎಂಬ ವೃದ್ಧ ಶಸ್ತ್ರವೈದ್ಯನು ಆತನ ಕೊರಳಿನ ಗಡ್ಡೆಗೆ ಶಸ್ತ್ರವನ್ನು ಪ್ರಯೋಗಿಸಿದನು. ಅಂದಿನವರೆಗೆ ರೋಗಿಯನ್ನು ನಾಲ್ಕು ಜನ ಹಿಡಿದುಕೊಂಡೇ ಕೊಯ್ಯುತ್ತಿದ್ದ ಶಸ್ತ್ರಶಾಲೆಗಳಲ್ಲಿ ಇದೊಂದು ಯುಗಾಂತರ. ಮರುವರ್ಷ ಎಡಿನ್‌ಬರೋದಲ್ಲಿ ಸಿಂಪ್ಸನ್ನನು ಕ್ಲೋರೋಫಾರ್ಮನ್ನು ಬಳಕೆಗೆ ತಂದನು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಎಂಬ ತರುಣ ವೈದ್ಯನು ಕೊಕೇನಿನ ಹನಿಗಳಿಂದ ಕಣ್ಣನ್ನು ಮಾತ್ರ ಮರಗಟ್ಟಿಸಿ, ರೋಗಿಯು ಎಚ್ಚರವಾಗಿದ್ದಂತೆಯೇ ಶಸ್ತ್ರಕ್ರಿಯೆ ಸಾಧ್ಯವೆಂದು ತೋರಿಸಿದನು. ಹೀಗೆ ಎರಡು ಮಾರ್ಗಗಳಾದುವು: ಪೂರ್ತಿ ಮಲಗಿಸುವುದು ಒಂದು, ಕೊಯ್ಯುವ ಎಡೆಯನ್ನಷ್ಟೇ ಮರಗಟ್ಟಿಸುವುದು ಇನ್ನೊಂದು.

ಕೊರಳಿನ ಧಮನಿಯೇ ಮಿದುಳಿನ ಅನೇಕ ಆಘಾತಗಳ ತೌರೆಂಬುದನ್ನು ವೈದ್ಯಲೋಕಕ್ಕೆ ಮನಗಾಣಿಸಿದವರು ಕೆನಡಾದ ಮಿಲ್ಲರ್ ಫಿಷರ್ ಅವರು. ಅವರ ಪ್ರಸಿದ್ಧ ಲೇಖನವು ಪ್ರಕಟವಾದುದು 1951ರಲ್ಲಿ. ಧಮನಿಯು ಕವಲೊಡೆಯುವ ಸ್ಥಳದಲ್ಲಿ ಕೊಬ್ಬು, ಸುಣ್ಣಗಳು ಕೂಡಿದ ಗಟ್ಟಿಯಾದ ಪದರವು ಬೆಳೆದು ದಾರಿಯನ್ನು ಕಿರಿದುಗೊಳಿಸುವುದು; ಅಲ್ಲಿ ಕಟ್ಟಿದ ಹೆಪ್ಪಿನ ಚೂರು ಕಳಚಿ ಮಿದುಳಿಗೆ ಹರಿದು ಅಲ್ಲಿಯ ಸಣ್ಣ ನಾಳವನ್ನು ಮುಚ್ಚುವುದು. ಒಂದು ದಿನ ಶಸ್ತ್ರವೈದ್ಯರು ಈ ಎಡೆಗೆ ಕೈಹಾಕಬಹುದೆಂದು ಫಿಷರ್ ಅವರು ನುಡಿದಿದ್ದರು. ಆ ದಿನವು ಬಹಳ ದೂರವಿರಲಿಲ್ಲ. 1953ರಲ್ಲಿ ಹ್ಯೂಸ್ಟನ್ನಿನಲ್ಲಿ ಡಿಬೇಕಿಯವರು ಒಬ್ಬ ಬಸ್ಸು ಚಾಲಕನ ಕಂಠಧಮನಿಯನ್ನು ಸೀಳಿ ಒಳಗಿನ ಪದರವನ್ನು ತೆಗೆದರು. ಆದರೆ ಈ ವೃತ್ತಾಂತವನ್ನು ಅವರು ಬಹು ಕಾಲದ ತರುವಾಯ ಪ್ರಕಟಿಸಿದುದರಿಂದ, ಮೊದಲು ಲೋಕಪ್ರಸಿದ್ಧವಾದುದು ಲಂಡನ್ನಿನ ಶಸ್ತ್ರಕ್ರಿಯೆ.

ಆ ರೋಗಿಯು 66 ವರ್ಷ ವಯಸ್ಸಿನ ಒಬ್ಬ ಗೃಹಿಣಿ. ಐದಾರು ತಿಂಗಳಲ್ಲಿ ಆಕೆಗೆ 33 ಸಲ ಕ್ಷಣಿಕವಾದ ಆಘಾತಗಳಾಗಿದ್ದುವು. ಬಂದು ಬಂದು ಹೋಗುತ್ತಿದ್ದುವು, ಒಮ್ಮೆ ಬಂದದ್ದು ಹೋಗದೆ ಉಳಿದರೆ ಗತಿಯೇನು? 1954ನೆಯ ಮೇ 19ರಂದು ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಈಸ್ಟ್‌ಕಾಟ್, ರಾಬ್ ಎಂಬ ಶಸ್ತ್ರವೈದ್ಯರು, ಪಿಕರಿಂಗ್ ಎಂಬ ವೈದ್ಯರ ಸಹಯೋಗದಿಂದ, ರೋಗಗ್ರಸ್ತವಾದ ಭಾಗವನ್ನು ಕತ್ತರಿಸಿ ತೆಗೆದು ಧಮನಿಯ ತುದಿಗಳನ್ನು ಕೂಡಿಸಿ ಹೊಲಿದರು. ಇದಕ್ಕಾಗಿ ಧಮನಿಯನ್ನು 28 ನಿಮಿಷಗಳ ಕಾಲ ಬಿಗಿದು ಹಿಡಿಯಬೇಕಾಯಿತು. ಅಷ್ಟು ಹೊತ್ತು ಮಿದುಳು ಹೇಗೆ ತಾಳೀತು? ಅದಕ್ಕೆ ಅವರು ಕಂಡುಕೊಂಡ ಉಪಾಯವು ವಿಚಿತ್ರವಾದುದು. ಆಕೆಯನ್ನು ಪೂರ್ಣ ಅರಿವಳಿಕೆಯಲ್ಲಿ ಮಲಗಿಸಿ, ಮೈಯ ಉಷ್ಣವನ್ನು 28 ಡಿಗ್ರಿ ಸೆಂಟಿಗ್ರೇಡಿಗೆ ಇಳಿಸಿದರು. ತಣ್ಣಗಾದ ಮಿದುಳಿಗೆ ರಕ್ತದ ಬೇಡಿಕೆ ಕಡಮೆ. ಆಕೆಯು ಗುಣ ಹೊಂದಿ ಅನೇಕ ವರ್ಷಗಳ ಕಾಲ ಬಾಳಿದಳು.

ಇದರಿಂದ ಉತ್ಸಾಹವು ಉಕ್ಕಿ ಹರಿಯಿತು. ಅಮೆರಿಕವೊಂದರಲ್ಲಿಯೇ 1971ರಲ್ಲಿ ಸುಮಾರು 15,000ದಷ್ಟಿದ್ದ ಈ ಶಸ್ತ್ರಕ್ರಿಯೆಗಳು 1985ರ ವೇಳೆಗೆ ಲಕ್ಷವನ್ನು ಮೀರಿದುವು. ಶಸ್ತ್ರಕ್ರಿಯೆಯಲ್ಲಿಯೇ ಕೆಲವರು ಪಾರ್ಶ್ವವಾಯುವಿಗೆ ತುತ್ತಾಗುತ್ತಿದ್ದರು, ಕೆಲವರು ಸಾಯುತ್ತಿದ್ದರು. ಆದರೂ ಒಟ್ಟಿನಲ್ಲಿ ಲಾಭವೇ ಹೆಚ್ಚೆಂದು ಮಾಡುವವರು ಬಲವಾಗಿ ನಂಬಿದ್ದರು. ಇದು ಹಣದಾಸೆಯ ಮಾತೇ ಎಂದು ಬಗೆದರೆ ಅನ್ಯಾಯವಾದೀತು. ಗುಣವಾದ ರೋಗಿಯು ಮರಳಿ ಬಂದು ಕೈಮುಗಿಯುವನು, ಆ ಮುಖವು ವೈದ್ಯನ ನೆನಪಿನಲ್ಲಿ ನಿಲ್ಲುವುದು. ಆದರೆ ಶಸ್ತ್ರವಿಲ್ಲದೆಯೇ ಅವನು ಗುಣವಾಗುತ್ತಿದ್ದನೋ ಏನೋ ಎಂಬುದನ್ನು ಹೇಳುವ ಮುಖವು ಯಾವುದೂ ಇಲ್ಲ.

ಆ ಪ್ರಶ್ನೆಯನ್ನು ಧೈರ್ಯವಾಗಿ ಎತ್ತಿಕೊಂಡವರು ಕೆನಡಾದ ಒಂಟಾರಿಯೋ ಪ್ರಾಂತದ ಹೆನ್ರಿ ಬಾರ್ನೆಟ್ ಅವರು. 1967ರಲ್ಲಿ ಜೂರಿಕ್ ನಗರದ ಯಶರ್ಗಿಲ್ ಅವರು ಸೂಕ್ಷ್ಮದರ್ಶಕದ ನೆರವಿನಿಂದ, ತಲೆಬುರುಡೆಯಲ್ಲಿ ರಂಧ್ರವನ್ನು ಕೊರೆದು, ಕಿವಿಯ ಮುಂದಣ ನೆತ್ತಿಯ ಧಮನಿಯನ್ನು ಮಿದುಳಿನ ಧಮನಿಗೆ ಹೊಲಿಯುವ ಅದ್ಭುತ ಕುಶಲಕರ್ಮವನ್ನು ಮಾಡಿ ತೋರಿಸಿದ್ದರು. ತರ್ಕವು ನಿರ್ದುಷ್ಟವಾಗಿತ್ತು: ಮುಖ್ಯ ಕಾಲುವೆಯು ಮುಚ್ಚಿದ್ದರೆ ಹೊಸ ಕಾಲುವೆಯನ್ನು ತೋಡುವುದು. ಬಾರ್ನೆಟ್ ಅವರೂ ಸಹಕಾರಿಗಳೂ 1377 ರೋಗಿಗಳನ್ನು, ಚೀಟಿ ಎತ್ತಿದಂತೆ ಯಾರ ಇಷ್ಟಾನಿಷ್ಟಕ್ಕೂ ಎಡೆಗೊಡದೆ, ಎರಡು ಪಂಗಡಗಳಾಗಿ ವಿಂಗಡಿಸಿ, ಒಂದಕ್ಕೆ ಶಸ್ತ್ರವನ್ನೂ ಔಷಧವನ್ನೂ ಇನ್ನೊಂದಕ್ಕೆ ಔಷಧವನ್ನು ಮಾತ್ರವೂ ಕೊಟ್ಟರು. 1985ರಲ್ಲಿ ಫಲಿತಾಂಶವು ಹೊರಬಿದ್ದಿತು. ಹೊಲಿದ ಜೋಡಣೆಗಳು ನೂರಕ್ಕೆ 96ರಲ್ಲಿ ತೆರೆದೇ ಇದ್ದುವು. ಕೈಚಳಕದಲ್ಲಿ ಲೋಪವಿರಲಿಲ್ಲ. ಆದರೂ ಶಸ್ತ್ರ ಮಾಡಿಸಿಕೊಂಡವರಿಗೆ ಯಾವ ಪ್ರಯೋಜನವೂ ಆಗಿರಲಿಲ್ಲ! ಶಸ್ತ್ರವೈದ್ಯರಲ್ಲಿ ಅನೇಕರು ಕೆರಳಿದರು. ಪರೀಕ್ಷೆಯು ಸರಿಯಾಗಿ ನಡೆಯಲಿಲ್ಲವೆಂದು ವಾದಿಸಿದರು. ಆದರೆ ಆ ಶಸ್ತ್ರಕ್ರಿಯೆಯು ಅಂದಿನಿಂದ ಬಹುಮಟ್ಟಿಗೆ ಹಿಂದೆ ಸರಿಯಿತು.

ಬಾರ್ನೆಟ್ ಅವರು ಶಸ್ತ್ರವೈದ್ಯದ ವೈರಿಯೆಂದು ಆಗ ಭಾವಿಸಿದವರು ಮುಂದಿನ ಅಧ್ಯಾಯವನ್ನು ನೋಡಬೇಕು. ಅವರೇ ಕೊರಳಿನ ಶಸ್ತ್ರಕ್ರಿಯೆಯನ್ನೂ ಇದೇ ಒರೆಗಲ್ಲಿಗೆ ಹಚ್ಚಿದರು. ಯೂರೋಪಿನಲ್ಲಿ ಎಡಿನ್‌ಬರೋದ ಚಾರ್ಲ್ಸ್ ವಾರ್ಲೋ ಅವರು ಅಂತಹುದೇ ಪರೀಕ್ಷೆಯನ್ನು ನಡೆಸಿದರು. ಒಂದು ಸಲ ಸಣ್ಣ ಆಘಾತವಾಗಿ, ಆ ಪಕ್ಕದ ಧಮನಿಯು ನೂರಕ್ಕೆ 70ಕ್ಕಿಂತ ಹೆಚ್ಚಾಗಿ ಕಿರಿದಾಗಿದ್ದ 659 ಜನರಲ್ಲಿ ಉತ್ತರ ಅಮೆರಿಕದ ಪರೀಕ್ಷೆಯು 1991ರಲ್ಲಿ ತೋರಿಸಿದುದೇನೆಂದರೆ: ಎರಡು ವರ್ಷಗಳಲ್ಲಿ ಅದೇ ಪಕ್ಕದ ಆಘಾತಕ್ಕೆ ಗುರಿಯಾದವರು ಔಷಧದ ಪಂಗಡದಲ್ಲಿ ನೂರಕ್ಕೆ 26, ಶಸ್ತ್ರದ ಪಂಗಡದಲ್ಲಿ ನೂರಕ್ಕೆ 9. ಅಂತರವು ಇಷ್ಟು ಸ್ಪಷ್ಟವಾದುದರಿಂದ ಅಂಥವರಲ್ಲಿ ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಧಮನಿಯು ಅಲ್ಪಸ್ವಲ್ಪವೇ ಕಿರಿದಾಗಿದ್ದವರಿಗೆ ಮಾತ್ರ ಶಸ್ತ್ರದಿಂದ ಲಾಭವಿಲ್ಲವೆಂದು ಎರಡು ಖಂಡಗಳ ಪರೀಕ್ಷೆಗಳೂ ಹೇಳಿದುವು. ಒಂದು ಶಸ್ತ್ರವನ್ನು ಕೆಳಗಿಡಿಸಿದ ವಿಧಾನವೇ ಇನ್ನೊಂದು ಶಸ್ತ್ರವನ್ನು ಎತ್ತಿಹಿಡಿಯಿತು.

ಇನ್ನು ಅರಿವಳಿಕೆಯ ವಿವಾದ. ಕೊರಳಿನ ಧಮನಿಯನ್ನು ಬಿಗಿದು ಹಿಡಿದಾಗ ವಿಲ್ಲಿಸನ ಉಂಗುರವು ಈ ರೋಗಿಯಲ್ಲಿ ಒದಗುವುದೋ ಇಲ್ಲವೋ ಎಂದು ತಿಳಿಯುವ ಬಗೆ ಹೇಗೆ? ಕೊರಳನ್ನಷ್ಟೇ ಮರಗಟ್ಟಿಸುವವರ ಉತ್ತರವು ಸರಳವಾದುದು: ರೋಗಿಯನ್ನೇ ಕೇಳಿ. ಅವನು ಎಚ್ಚರವಾಗಿರುವನು, ಹೆಸರು ಕೇಳಿದರೆ ಹೇಳುವನು, ಎಣಿಸೆಂದರೆ ಎಣಿಸುವನು, ಕೈಯಲ್ಲಿಟ್ಟ ರಬ್ಬರಿನ ಆಟಿಕೆಯನ್ನು ಹಿಸುಕಿ ಸದ್ದು ಮಾಡುವನು. ಸದ್ದು ನಿಂತಿತೋ, ಮಾತು ತಡವರಿಸಿತೋ, ಕೂಡಲೆ ಧಮನಿಯೊಳಗೆ ಸಣ್ಣ ಕೊಳವೆಯನ್ನಿಟ್ಟು ರಕ್ತವನ್ನು ಹರಿಸುವರು. ಪೂರ್ಣವಾಗಿ ಮಲಗಿಸುವವರ ವಾದವೂ ದುರ್ಬಲವಾಗಿರಲಿಲ್ಲ. ನಿದ್ರಿಸುವ ಮಿದುಳಿಗೆ ಪ್ರಾಣವಾಯುವಿನ ಅಗತ್ಯ ಕಡಮೆ. ಉಸಿರಾಟವು ವೈದ್ಯರ ಹತೋಟಿಯಲ್ಲಿರುವುದು. ರೋಗಿಯು ಭಯದಿಂದ ಮಿಸುಕಾಡನು. ಹಳೆಯ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದರೆ ಎಚ್ಚರವಿದ್ದವರಲ್ಲಿಯೇ ಸಾವುನೋವುಗಳು ಬಹಳ ಕಡಮೆಯೆಂದು ತೋರುತ್ತಿತ್ತು. ಕೊನೆಗೆ 1999ರಿಂದ 2007ರವರೆಗೆ 24 ದೇಶಗಳ 95 ಕೇಂದ್ರಗಳಲ್ಲಿ 3526 ರೋಗಿಗಳನ್ನು ಚೀಟಿಯ ಕ್ರಮದಿಂದ ವಿಂಗಡಿಸಿ ಪರೀಕ್ಷಿಸಲಾಯಿತು. ವಾರ್ಲೋ ಅವರೂ ಇದರಲ್ಲಿದ್ದರು. 2008ರಲ್ಲಿ ಹೊರಬಿದ್ದ ಫಲಿತಾಂಶ: ಮೂವತ್ತು ದಿನಗಳೊಳಗೆ ಮಿದುಳಿನ ಆಘಾತ, ಹೃದಯಾಘಾತ ಅಥವಾ ಮರಣ ಸಂಭವಿಸಿದ್ದು ಮಲಗಿಸಿದವರಲ್ಲಿ ನೂರಕ್ಕೆ 4.8, ಎಚ್ಚರವಿದ್ದವರಲ್ಲಿ 4.5. ಅಂತರವಿಲ್ಲವೆಂದೇ ಹೇಳಬೇಕು. ಎರಡೂ ಪಕ್ಷಗಳ ಪಂಡಿತರು ಐವತ್ತು ವರ್ಷ ಹೂಡಿದ ವಾದವು ಹೀಗೆ ಸಮವಾಗಿ ಮುಗಿಯಿತು.

ಇಷ್ಟೆಲ್ಲವೂ ಆಘಾತವು ಬರದಂತೆ ತಡೆಯುವ ಮಾತಾಯಿತು. ಬಂದೆರಗಿದ ಮೇಲೆ ಮಾಡುವುದೇನು? ನನ್ನ ಬಾಲ್ಯದಲ್ಲಿ ನಮ್ಮ ಅಜ್ಜನವರು ಒಂದು ಬೆಳಗ್ಗೆ ಹಾಲಿನ ಬಟ್ಟಲನ್ನು ಹಿಡಿಯಲಾರದೆ ಕೆಡವಿದರು. ಮನೆಯವರು ಎಣ್ಣೆ ತಿಕ್ಕಿದರು, ಕಂಬಳಿ ಹೊದಿಸಿದರು. ವೈದ್ಯರನ್ನು ಕರೆತರಲು ಗಾಡಿಯನ್ನು ಹೂಡಿದುದು ಮರುದಿನ. ಅವರನ್ನು ದೂರಲಾರೆ. ಅಂದು ಯಾವ ದೊಡ್ಡ ಆಸ್ಪತ್ರೆಗೆ ಒಯ್ದಿದ್ದರೂ ಹೆಪ್ಪನ್ನು ಕರಗಿಸುವ ಔಷಧವು ದೊರೆಯುತ್ತಿರಲಿಲ್ಲ. ಅದಕ್ಕೆ ಮೊದಲು ಮಿದುಳಿನೊಳಗಿನದು ರಕ್ತಸ್ರಾವವೋ ಹೆಪ್ಪೋ ಎಂಬುದನ್ನು ಜೀವಂತ ಮನುಷ್ಯನಲ್ಲಿ ಕಾಣಬೇಕಾಗಿತ್ತು. ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರವು 1971ರಲ್ಲಿ ಲಂಡನ್ನಿನಲ್ಲಿ ಆ ಕಣ್ಣನ್ನು ಕೊಟ್ಟಿತು. 1995ರಲ್ಲಿ ಅಮೆರಿಕದಲ್ಲಿ 624 ರೋಗಿಗಳ ಪರೀಕ್ಷೆಯು, ಆಘಾತವಾದ ಮೂರು ಗಂಟೆಗಳೊಳಗೆ ಆಲ್ಟಿಪ್ಲೇಸ್ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಟ್ಟರೆ ಮೂರು ತಿಂಗಳ ತರುವಾಯ ಸ್ವತಂತ್ರವಾಗಿ ಓಡಾಡುವವರ ಸಂಖ್ಯೆಯು ಹೆಚ್ಚುವುದೆಂದು ಸಿದ್ಧಪಡಿಸಿತು. ಆದರೆ ಅದೇ ಔಷಧದಿಂದ ಮಿದುಳಿನಲ್ಲಿ ಅಪಾಯಕರವಾದ ರಕ್ತಸ್ರಾವವಾದವರು ನೂರಕ್ಕೆ 6.4, ಔಷಧವಿಲ್ಲದವರಲ್ಲಿ 0.6. ಲಾಭವನ್ನೂ ಅಪಾಯವನ್ನೂ ಒಂದೇ ಪುಟದಲ್ಲಿ ಅಚ್ಚುಹಾಕಿದ ಆ ಪ್ರಾಮಾಣಿಕತೆಯು ನನಗೆ ಮೆಚ್ಚಿಕೆಯಾಯಿತು. 2008ರಲ್ಲಿ ಅವಧಿಯನ್ನು ನಾಲ್ಕೂವರೆ ಗಂಟೆಗಳವರೆಗೆ ವಿಸ್ತರಿಸಬಹುದೆಂದು ತಿಳಿದುಬಂದಿತು.

ತೊಡೆಸಂದಿನ ಧಮನಿಯಿಂದ ತೆಳುವಾದ ನಳಿಕೆಯನ್ನು ಮಿದುಳಿನವರೆಗೆ ಏರಿಸಿ ಹೆಪ್ಪನ್ನೇ ಎಳೆದು ತೆಗೆಯುವ ಪ್ರಯತ್ನಗಳು 2013ರ ಮೂರು ಪರೀಕ್ಷೆಗಳಲ್ಲಿ ಸೋತುವು. ಉಪಕರಣಗಳನ್ನೂ ರೋಗಿಗಳ ಆಯ್ಕೆಯನ್ನೂ ತಿದ್ದಿಕೊಂಡು ಮಾಡಿದ ಐದು ಪರೀಕ್ಷೆಗಳು 2015ರಲ್ಲಿ ಗೆದ್ದುವು. ಅವುಗಳಲ್ಲಿ ಮೊದಲನೆಯದಾದ, 500 ಜನರ ಡಚ್ಚರ ಪರೀಕ್ಷೆಯಲ್ಲಿ, ಪರಾಧೀನರಾಗದೆ ಉಳಿದವರು ನೂರಕ್ಕೆ 19ರಿಂದ 33ರ ಸಮೀಪಕ್ಕೆ ಏರಿದರು.

ಇಲ್ಲಿಯೂ ಹಳೆಯ ವಿವಾದವು ತಲೆಯೆತ್ತಿತು. ಪೂರ್ತಿ ಮಲಗಿಸಿ ಹೆಪ್ಪನ್ನು ತೆಗೆದವರ ಗತಿಯು ಎಚ್ಚರವಿದ್ದವರಿಗಿಂತ ಕೆಟ್ಟದಾಗಿತ್ತೆಂದು ದಾಖಲೆಗಳು ಹೇಳುತ್ತಿದ್ದುದರಿಂದ, ಅರಿವಳಿಕೆಯೇ ಅಪರಾಧಿಯೆಂದು ಹಲವರು ತೀರ್ಮಾನಿಸಿದ್ದರು. ಆದರೆ ಯಾರನ್ನು ಮಲಗಿಸುತ್ತಿದ್ದರು? ವಾಂತಿ ಮಾಡುವವರನ್ನು, ಹೊರಳಾಡುವವರನ್ನು, ಅರೆಪ್ರಜ್ಞೆಯಲ್ಲಿದ್ದವರನ್ನು. ಅಂದರೆ ಮೊದಲೇ ಹೆಚ್ಚು ಪೆಟ್ಟು ತಿಂದವರನ್ನು. 2016ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 150 ಜನರನ್ನೂ, 2017ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ 90 ಜನರನ್ನೂ, 2018ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ 128 ಜನರನ್ನೂ ಕುರಿತು ಪ್ರಕಟವಾದ ಪರೀಕ್ಷೆಗಳಲ್ಲಿ, ಚೀಟಿಯ ಕ್ರಮದಿಂದ ವಿಂಗಡಿಸಿದಾಗ, ಮಲಗಿಸಿದವರು ಒಟ್ಟಿನಲ್ಲಿ ಹಿಂದೆ ಬೀಳಲಿಲ್ಲ. ಆ ಮೂರು ಕಡೆಗಳಲ್ಲಿಯೂ ರಕ್ತದ ಒತ್ತಡವು ಇಳಿಯದಂತೆ ನಿಗದಿಯಾದ ಕ್ರಮವನ್ನು ಅನುಸರಿಸಿದ್ದರು. ಈಗ ರೋಗಿಯ ಸ್ಥಿತಿಯನ್ನು ನೋಡಿ ಎರಡರಲ್ಲಿ ಯಾವುದಾದರೊಂದನ್ನು ಆರಿಸಿಕೊಳ್ಳುತ್ತಾರೆ. ಆಸ್ಪತ್ರೆಯ ಬಾಗಿಲಲ್ಲಿ ವೈದ್ಯರು ಮನೆಯವರನ್ನು ಮೊದಲು ಕೇಳುವ ಪ್ರಶ್ನೆಯಂತೂ ಒಂದೇ: ಇವರು ಸರಿಯಾಗಿದ್ದುದನ್ನು ಕೊನೆಯ ಸಲ ನೋಡಿದವರು ಯಾರು, ಆಗ ಗಂಟೆ ಎಷ್ಟಾಗಿತ್ತು? ನಮ್ಮ ಅಜ್ಜಿಯವರನ್ನು ಕೇಳಿದ್ದರೆ ನಿಖರವಾಗಿ ಹೇಳುತ್ತಿದ್ದರು. ಆ ಹಾಲಿನ ಬಟ್ಟಲನ್ನು ಕೈಗೆ ಕೊಟ್ಟವರು ಅವರೇ.