ಮನೆಯೊಳಗಿನ ಕಿರು ರೇಡಿಯೊ ನಿಯಂತ್ರಿತ ಕಾರು ಓಟ

ಮನೆಯೊಳಗಿನ ಕಿರು ರೇಡಿಯೊ ನಿಯಂತ್ರಿತ ಕಾರು ಓಟವು ನಿಜವಾದ ಕಾರುಗಳ ಪ್ರಮಾಣಬದ್ಧ ಕಿರು ಮಾದರಿಗಳನ್ನು ರೇಡಿಯೊ ತರಂಗಗಳ ಮೂಲಕ ನಿಯಂತ್ರಿಸುತ್ತ, ಕೋಣೆ ಅಥವಾ ಪಡಸಾಲೆಯ ನೆಲದ ಮೇಲೆ ಹಾಕಿದ ಹಾದಿಯಲ್ಲಿ ಓಡಿಸುವ ಹವ್ಯಾಸವಾಗಿದೆ. ರೇಡಿಯೊ ನಿಯಂತ್ರಿತ ಕಾರುಗಳ ಬಯಲು ಓಟಗಳಲ್ಲಿ 1:8 ಮತ್ತು 1:10 ಪ್ರಮಾಣದ ಕಾರುಗಳು ಬಳಕೆಯಲ್ಲಿದ್ದರೆ, ಮನೆಯೊಳಗೆ ಸಾಮಾನ್ಯವಾಗಿ 1:24ಕ್ಕಿಂತ ಚಿಕ್ಕ ಕಾರುಗಳೇ ಓಡುತ್ತವೆ. ಇವುಗಳಲ್ಲಿ ಹೆಚ್ಚು ಪ್ರಚಲಿತವಾದ ಅಳತೆ 1:28. ಜಪಾನಿನ ಕ್ಯೋಶೋ ಸಂಸ್ಥೆಯ ಮಿನಿ-ಜಿ ಸರಣಿಯು ಈ ಅಳತೆಯನ್ನು ಜನಪ್ರಿಯಗೊಳಿಸಿತು. ಈ ಲೇಖನದಲ್ಲಿ ಬರುವ ತಾಂತ್ರಿಕ ವಿವರಗಳು ಮುಖ್ಯವಾಗಿ ಅದೇ ವರ್ಗದ ಕಾರುಗಳಿಗೆ ಸಂಬಂಧಿಸಿವೆ.

ಆಟಿಕೆಯ ರಿಮೋಟ್ ಕಾರಿಗೂ ಹವ್ಯಾಸದ ಕಾರಿಗೂ ಇರುವ ವ್ಯತ್ಯಾಸ ಗಾತ್ರದ್ದಲ್ಲ, ನಿಯಂತ್ರಣದ್ದು. ಅಗ್ಗದ ಆಟಿಕೆಯಲ್ಲಿ ಗುಂಡಿ ಒತ್ತಿದರೆ ಕಾರು ಪೂರ್ಣ ವೇಗದಲ್ಲಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಚಕ್ರಗಳು ಪೂರ್ತಿ ಎಡಕ್ಕೆ ಅಥವಾ ಪೂರ್ತಿ ಬಲಕ್ಕೆ ಹೊರಳುತ್ತವೆ. ಹವ್ಯಾಸದ ಕಾರಿನಲ್ಲಿರುವುದು ಪ್ರಪೋರ್ಷನಲ್ ನಿಯಂತ್ರಣ. ಬೆರಳು ಎಷ್ಟು ಒತ್ತುತ್ತದೆಯೋ ಅಷ್ಟೇ ವೇಗ, ಕೈ ಎಷ್ಟು ತಿರುಗಿಸುತ್ತದೆಯೋ ಅಷ್ಟೇ ತಿರುವು. ಈ ಗುಣವಿಲ್ಲದ ಕಾರಿನಲ್ಲಿ ಓಟದ ಅಭ್ಯಾಸ ಸಾಧ್ಯವಿಲ್ಲ.

ಇತಿಹಾಸ

ವಾಣಿಜ್ಯವಾಗಿ ಮಾರಾಟವಾದ ಮೊದಲ ರೇಡಿಯೊ ನಿಯಂತ್ರಿತ ಕಾರುಗಳಲ್ಲಿ ಒಂದು, ಇಟಲಿಯ ಎಲೆಟ್ರೋನಿಕಾ ಜೊಕಾತ್ತೊಲಿ ಸಂಸ್ಥೆಯು 1966ರಲ್ಲಿ ಹೊರತಂದ 1:12 ಪ್ರಮಾಣದ ಫೆರಾರಿ 250 ಎಲ್‌ಎಂ. ಹತ್ತು ವರ್ಷಗಳ ಬಳಿಕ, 1976ರಲ್ಲಿ, ಜಪಾನಿನ ತಮಿಯಾ ಸಂಸ್ಥೆಯು 1:12 ಪ್ರಮಾಣದ ಪೋರ್ಷೆ 934 ಮಾದರಿಯೊಂದಿಗೆ ವಿದ್ಯುತ್ ಕಾರುಗಳ ಮಾರುಕಟ್ಟೆಗೆ ಇಳಿಯಿತು. ಇವೆಲ್ಲ ಅಂಗಳ, ಮೈದಾನ ಅಥವಾ ದೊಡ್ಡ ಸಭಾಂಗಣಗಳಿಗೆ ತಕ್ಕ ಗಾತ್ರದವು.

ಕಾರು ಮನೆಯೊಳಗೆ ಬರಲು ರೇಡಿಯೊ ಗ್ರಾಹಕ, ಸ್ಟೀರಿಂಗ್ ಸರ್ವೊ ಮತ್ತು ವೇಗ ನಿಯಂತ್ರಕಗಳು ಒಂದೇ ಸಣ್ಣ ಚಾಸಿಯೊಳಗೆ ಅಡಗಬೇಕಾಯಿತು. ಕ್ಯೋಶೋ ಸಂಸ್ಥೆಯು 1999ರಲ್ಲಿ ಬಿಡುಗಡೆ ಮಾಡಿದ ಮಿನಿ-ಜಿ ರೇಸರ್ ಇದನ್ನು ಸಾಧಿಸಿತು. ಅಂಗೈ ಮೇಲೆ ಕೂರುವ ಈ ಕಾರು ಕೇವಲ ನಾಲ್ಕು ಎಎಎ ಸೆಲ್‌ಗಳಿಂದ ಓಡುತ್ತಿತ್ತು, ಆದರೆ ಅದರ ನಿಯಂತ್ರಣ ದೊಡ್ಡ ಕಾರುಗಳಂತೆಯೇ ಪ್ರಪೋರ್ಷನಲ್ ಆಗಿತ್ತು. 2001ರಲ್ಲಿ ತೋಮಿ ಸಂಸ್ಥೆಯ ಬಿಟ್ ಚಾರ್-ಜಿ, 2002ರಲ್ಲಿ ಅಮೆರಿಕದ ರೇಡಿಯೊಶ್ಯಾಕ್ ಮಳಿಗೆಗಳ ಜಿಪ್‌ಜ್ಯಾಪ್ಸ್ ಬಂದವು. ಇವು ಇನ್ನೂ ಚಿಕ್ಕವಾಗಿದ್ದವು ಮತ್ತು ಬಹಳ ಜನಪ್ರಿಯವಾದವು, ಆದರೆ ಆಟಿಕೆಯ ನಿಯಂತ್ರಣವನ್ನು ದಾಟಲಿಲ್ಲ. ಆ ಅಲೆ ಕೆಲವೇ ವರ್ಷಗಳಲ್ಲಿ ಇಳಿಯಿತು, ಮಿನಿ-ಜಿ ಉಳಿಯಿತು. ಬಿಡಿಭಾಗ ಬದಲಿಸಿ, ಹೊಂದಿಸಿ, ಮತ್ತೆ ಓಡಿಸಿ ನೋಡಲು ಅವಕಾಶವಿದ್ದುದೇ ಇದಕ್ಕೆ ಕಾರಣವೆನ್ನಬಹುದು.

ಆರಂಭದ ಮಾದರಿಗಳು 27 ಮೆಗಾಹರ್ಟ್ಸ್ ಆಸುಪಾಸಿನ ತರಂಗಾಂತರ ಬಳಸುತ್ತಿದ್ದವು. ಎರಡು ಕಾರುಗಳು ಒಟ್ಟಿಗೆ ಓಡಬೇಕಾದರೆ ಅವುಗಳ ಕ್ರಿಸ್ಟಲ್‌ಗಳು ಬೇರೆ ಬೇರೆಯಾಗಿರಬೇಕಿತ್ತು, ಇಲ್ಲವಾದರೆ ಒಬ್ಬರ ರಿಮೋಟಿಗೆ ಇನ್ನೊಬ್ಬರ ಕಾರು ಓಡುತ್ತಿತ್ತು. 2.4 ಗಿಗಾಹರ್ಟ್ಸ್ ವ್ಯವಸ್ಥೆ ಬಂದ ಬಳಿಕ ಪ್ರತಿ ರಿಮೋಟು ತನ್ನ ಕಾರನ್ನು ಮಾತ್ರ ಗುರುತಿಸುವಂತಾಗಿ ಈ ತೊಡಕು ನಿವಾರಣೆಯಾಯಿತು. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳ ಬಳಕೆಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು.

ಅಳತೆ ಮತ್ತು ವೇಗ

3 ಮೀಟರ್ ಅಗಲ, 4 ಮೀಟರ್ ಉದ್ದದ ಕೋಣೆಯು 1:28 ಪ್ರಮಾಣದ ಕಾರಿಗೆ 84 ಮೀಟರ್ ಅಗಲ, 112 ಮೀಟರ್ ಉದ್ದದ ಮೈದಾನಕ್ಕೆ ಸಮ. ಅದೇ ಕೋಣೆ 1:10 ಪ್ರಮಾಣದ ಕಾರಿಗೆ 30 ಮೀಟರ್ ಅಗಲ, 40 ಮೀಟರ್ ಉದ್ದದ ಅಂಗಳ ಮಾತ್ರ. ಮನೆಯೊಳಗೆ ಚಿಕ್ಕ ಕಾರೇ ಏಕೆ ಬೇಕೆಂಬುದು ಇದರಿಂದ ತಿಳಿಯುತ್ತದೆ.

ವೇಗದ ವಿಷಯದಲ್ಲಿ ಮಾತ್ರ ಇಷ್ಟು ಸರಳವಾದ ಗುಣಾಕಾರ ನಡೆಯುವುದಿಲ್ಲ. ಗಂಟೆಗೆ 20 ಕಿ.ಮೀ. ಓಡುವ 1:28 ಕಾರಿನ ವೇಗವನ್ನು 28ರಿಂದ ಗುಣಿಸಿ, ಅದು ಗಂಟೆಗೆ 560 ಕಿ.ಮೀ. ವೇಗಕ್ಕೆ ಸಮವೆಂದು ಹೇಳುವುದುಂಟು. ಉದ್ದಳತೆ ಕುಗ್ಗಿದರೂ ಗುರುತ್ವಾಕರ್ಷಣೆ ಕುಗ್ಗುವುದಿಲ್ಲವಾದ ಕಾರಣ ಈ ಲೆಕ್ಕ ದಾರಿತಪ್ಪಿಸುತ್ತದೆ. ಜಾರದೆ ತಿರುವು ದಾಟಬಹುದಾದ ಗರಿಷ್ಠ ವೇಗವು ಘರ್ಷಣಾಂಕ, ಗುರುತ್ವ ವೇಗೋತ್ಕರ್ಷ ಮತ್ತು ತಿರುವಿನ ತ್ರಿಜ್ಯ, ಈ ಮೂರರ ಗುಣಲಬ್ಧದ ವರ್ಗಮೂಲ. 30 ಸೆಂ.ಮೀ. ತ್ರಿಜ್ಯದ ತಿರುವಿನಲ್ಲಿ ಘರ್ಷಣಾಂಕ 1 ಎಂದು ಹಿಡಿದರೆ ಈ ಮಿತಿ ಸೆಕೆಂಡಿಗೆ ಸುಮಾರು 1.7 ಮೀಟರ್, ಅಂದರೆ ಗಂಟೆಗೆ 6 ಕಿ.ಮೀ. ಆಸುಪಾಸು. ನಯವಾದ ನೆಲದಲ್ಲಿ ಘರ್ಷಣಾಂಕ 0.5ಕ್ಕೆ ಇಳಿದರೆ ಅದು ಗಂಟೆಗೆ 4.4 ಕಿ.ಮೀ. ಮಾತ್ರ. ನೇರ ಹಾದಿಯಲ್ಲಿ ಎಷ್ಟೇ ವೇಗವಿದ್ದರೂ ತಿರುವಿನಲ್ಲಿ ಮನುಷ್ಯ ನಡೆಯುವ ವೇಗಕ್ಕೆ ಇಳಿಯಲೇಬೇಕು. ಮೋಟರು ಬದಲಿಸಿದರೆ ಈ ಮಿತಿ ಬದಲಾಗದು.

ಇದೇ ತಿರುವನ್ನು 28 ಪಟ್ಟು ಹಿಗ್ಗಿಸಿದರೆ 8.4 ಮೀಟರ್ ತ್ರಿಜ್ಯದ ರಸ್ತೆ ತಿರುವಾಗುತ್ತದೆ. ಅಷ್ಟೇ ಘರ್ಷಣಾಂಕವಿದ್ದಾಗ ನಿಜವಾದ ಕಾರು ಅದನ್ನು ಗಂಟೆಗೆ ಸುಮಾರು 33 ಕಿ.ಮೀ. ವೇಗದಲ್ಲಿ ದಾಟಬಲ್ಲದು. ಇದು ಕಿರು ಕಾರಿನ ವೇಗದ 28 ಪಟ್ಟಲ್ಲ, 28ರ ವರ್ಗಮೂಲದಷ್ಟು, ಅಂದರೆ ಸುಮಾರು 5.3 ಪಟ್ಟು. ಕಾಲಕ್ಕೂ ಇದೇ ಅನುಪಾತ ಅನ್ವಯಿಸುತ್ತದೆ: ದೊಡ್ಡ ಕಾರಿನಲ್ಲಿ ಒಂದು ಸೆಕೆಂಡು ಹಿಡಿಯುವ ಹೊರಳಾಟ ಕಿರು ಕಾರಿನಲ್ಲಿ 0.2 ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಮುಗಿಯುತ್ತದೆ. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಬೇಕಾಗುವ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಕಾರು ಅಡ್ಡ ತಿರುಗಿದ್ದನ್ನು ಕಂಡ ಮೇಲೆ ಸರಿಪಡಿಸಲು ಹೊರಟರೆ ಆಗಲೇ ತಡವಾಗಿರುತ್ತದೆ. ಈ ಹವ್ಯಾಸದಲ್ಲಿ ಜಾರುವಿಕೆಯನ್ನು ತಿದ್ದುವ ಕೌಶಲಕ್ಕಿಂತ ಜಾರದಂತೆ ಕಾರನ್ನು ಹೊಂದಿಸುವ ಕೌಶಲಕ್ಕೆ ಹೆಚ್ಚು ಬೆಲೆ ಇರುವುದು ಇದೇ ಕಾರಣಕ್ಕೆ.

ಕಾರಿನ ರಚನೆ

ಮಿನಿ-ಜಿ ವರ್ಗದ ಹಿಂಚಕ್ರ ಚಾಲಿತ ಕಾರು ಸುಮಾರು 15 ಸೆಂ.ಮೀ. ಉದ್ದವಿದ್ದು 200 ಗ್ರಾಂಗಿಂತ ಕಡಿಮೆ ತೂಗುತ್ತದೆ. ಪ್ಲಾಸ್ಟಿಕ್ ಚಾಸಿಯ ಎರಡೂ ಬದಿಗಳಲ್ಲಿ ಎರಡೆರಡು ಸೆಲ್‌ಗಳು ಕೂರುತ್ತವೆ. ಇದರಿಂದ ಕಾರಿನ ಅತ್ಯಂತ ಭಾರವಾದ ಭಾಗ ನೆಲಕ್ಕೆ ಸಮೀಪದಲ್ಲಿ ಉಳಿಯುತ್ತದೆ. ಹಿಂಭಾಗದಲ್ಲಿ 130 ವರ್ಗದ ಬ್ರಷ್ ಮೋಟರು ಇರುತ್ತದೆ. ಈಚಿನ ಕೆಲವು ಮಾದರಿಗಳಲ್ಲಿ ಬ್ರಷ್‌ರಹಿತ ಮೋಟರು ಬಂದಿದೆ. ಮೋಟರು ಕೂರುವ ಭಾಗವನ್ನು ಮುಖ್ಯ ಚಾಸಿಗೆ ಜೋಡಿಸುವ ತೆಳುವಾದ ಟಿ ಆಕಾರದ ಪಟ್ಟಿಯು ಬಾಗಿ ಚೇತರಿಸಿಕೊಳ್ಳುತ್ತ ಹಿಂಬದಿಯ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಮುಂದಿನ ಚಕ್ರಗಳಿಗೆ ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಸುರುಳಿ ಸ್ಪ್ರಿಂಗುಗಳಿರುತ್ತವೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನು 90, 94, 98 ಅಥವಾ 102 ಮಿ.ಮೀ.ಗೆ ಹೊಂದಿಸಿಕೊಳ್ಳಬಹುದಾದ್ದರಿಂದ ಒಂದೇ ಚಾಸಿಯ ಮೇಲೆ ಬೇರೆ ಬೇರೆ ಕಾರುಗಳ ಹೊರಕವಚಗಳನ್ನು ಕೂರಿಸಲು ಸಾಧ್ಯ. ಬಣ್ಣ ಬಳಿದು ಸಿದ್ಧವಾಗಿ ದೊರೆಯುವ ಈ ಕವಚಗಳನ್ನು ಓಡಿಸದೆ ಗಾಜಿನ ಬೀರುವಿನಲ್ಲಿ ಕೂಡಿಡುವವರೂ ಇದ್ದಾರೆ.

ನಾಲ್ಕು ಚಕ್ರ ಚಾಲಿತ ಮಾದರಿಗಳು ಹೆಚ್ಚು ಸ್ಥಿರವಾಗಿ ಓಡುತ್ತವೆ, ಜಾರುವ ನೆಲವನ್ನೂ ಸ್ವಲ್ಪ ಮಟ್ಟಿಗೆ ಸಹಿಸುತ್ತವೆ. ಚೀನಾದ ಡಬ್ಲ್ಯೂಎಲ್‌ಟಾಯ್ಸ್ ಸಂಸ್ಥೆಯ 1:28 ಕಾರುಗಳು ಈ ಬಗೆಯವು.

ನೆಲ ಮತ್ತು ಟೈರು

ಸುತ್ತಿನ ಅವಧಿಯನ್ನು ಬೇರಾವ ಭಾಗಕ್ಕಿಂತಲೂ ಟೈರು ಹೆಚ್ಚಾಗಿ ನಿರ್ಧರಿಸುತ್ತದೆ. ಟೈರಿನ ರಬ್ಬರಿನ ಗಡಸುತನವನ್ನು ಡಿಗ್ರಿಗಳಲ್ಲಿ ಸೂಚಿಸುತ್ತಾರೆ; ಸಂಖ್ಯೆ ಕಡಿಮೆಯಾದಷ್ಟು ರಬ್ಬರು ಮೃದು, ಹಿಡಿತ ಹೆಚ್ಚು, ಸವೆತವೂ ಹೆಚ್ಚು. ಹಿಂಚಕ್ರ ಚಾಲಿತ ಕಾರಿನ ಹಿಂಬದಿಗೆ ಮೃದುವಾದ ಟೈರನ್ನೂ ಮುಂಬದಿಗೆ ಅದಕ್ಕಿಂತ ಗಡುಸಾದ ಟೈರನ್ನೂ ಹಾಕುವುದು ವಾಡಿಕೆ. ಅದಲುಬದಲಾದರೆ ಮೂತಿ ಒಳಕ್ಕೆ ಹೊರಳಿ, ಹಿಂಭಾಗ ಹೊರಕ್ಕೆ ಚಿಮ್ಮಿ ಕಾರು ಗಿರಕಿ ಹೊಡೆಯುತ್ತದೆ. ಟೈರು ರಿಮ್ಮಿನಿಂದ ಕಳಚದಂತೆ ನಡುವೆ ತೆಳುವಾದ ಎರಡು ಬದಿ ಅಂಟುವ ಟೇಪನ್ನು ಸುತ್ತುತ್ತಾರೆ.

ನಮ್ಮ ಮನೆಗಳಲ್ಲಿ ಸಾಮಾನ್ಯವಾದ ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್, ಪಾಲಿಶ್ ಹಿಡಿದ ರೆಡ್ ಆಕ್ಸೈಡ್ ಮತ್ತು ಮೊಸಾಯಿಕ್ ನೆಲಗಳು ನೋಡಲು ಸಮತಟ್ಟಾಗಿದ್ದರೂ ಹಿಡಿತದ ದೃಷ್ಟಿಯಿಂದ ಒಳ್ಳೆಯವಲ್ಲ. ತೆಳುವಾದ ಧೂಳಿನ ಪದರವೊಂದು ಕೂತರೂ ಮೃದು ಟೈರಿನ ಪ್ರಯೋಜನ ಹೋಗುತ್ತದೆ. ಓಡಿಸುವ ಮೊದಲು ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಲು ಬಿಡುವುದು, ಟೈರುಗಳನ್ನು ಆಗಾಗ ಅಂಟುಪಟ್ಟಿಯ ಮೇಲೆ ಉರುಳಿಸಿ ಸ್ವಚ್ಛಗೊಳಿಸುವುದು ಖರ್ಚಿಲ್ಲದ ಉಪಾಯಗಳು. ಜಮಖಾನೆಯ ಮೇಲೆ ಹಿಡಿತ ಸಿಗುತ್ತದೆ, ಆದರೆ ಅದರ ನೂಲೆಳೆಗಳೂ ನೆಲದಲ್ಲಿ ಬಿದ್ದ ತಲೆಗೂದಲೂ ಅಚ್ಚಿಗೆ ಸುತ್ತಿಕೊಂಡು ಮೋಟರಿಗೆ ಹೊರೆಯಾಗುತ್ತವೆ. ಯಾವ ಕಾರಣವೂ ಕಾಣದೆ ಕಾರು ನಿಧಾನವಾದರೆ ಮೊದಲು ನೋಡಬೇಕಾದ್ದು ಬ್ಯಾಟರಿಯನ್ನಲ್ಲ, ಹಿಂದಿನ ಅಚ್ಚನ್ನು.

ಓಟದ ಕೂಟಗಳಲ್ಲಿ ಹಲ್ಲುಹಲ್ಲಾಗಿ ಜೋಡಿಸುವ ಇವಿಎ ಫೋಮ್ ಹಾಸುಗಳನ್ನು ಬಳಸುತ್ತಾರೆ. ಮಕ್ಕಳ ಕೋಣೆಗೆಂದು ಮಾರುವ ಒಗಟಿನಾಕಾರದ ಫೋಮ್ ಚಾಪೆಗಳೂ ಇದೇ ಜಾತಿಯವಾದ್ದರಿಂದ ಮನೆಗೆ ಅವೇ ಸಾಕಾಗುತ್ತವೆ. ಫೋಮಿನ ಮೇಲೆ ಹಿಡಿತ ಎಷ್ಟು ಹೆಚ್ಚುತ್ತದೆಂದರೆ ತೊಂದರೆ ತಿರುಗುಮುರುಗಾಗಿ, ಎತ್ತರದ ಕವಚದ ಕಾರು ಜಾರುವ ಬದಲು ಮಗುಚುತ್ತದೆ. ಆಗ ಮುಂದಿನ ಟೈರುಗಳನ್ನು ಗಡುಸುಗೊಳಿಸುವುದೇ ಪರಿಹಾರ.

ಹಾದಿ

ಹಾದಿಯ ಅಗಲ 40ರಿಂದ 50 ಸೆಂ.ಮೀ. ಇದ್ದರೆ ಎರಡು ಕಾರುಗಳು ಅಕ್ಕಪಕ್ಕ ಸಾಗಬಹುದು. ಅಂಚಿಗೆ ಫೋಮ್ ಪಟ್ಟಿ ಅಥವಾ ಹಳೆಯ ನೀರಿನ ಪೈಪಿನಂತಹ ಮೆತ್ತನೆಯ ವಸ್ತು ಸೂಕ್ತ. ಇಟ್ಟಿಗೆ, ಮರದ ರೀಪು ಮುಂತಾದವು ಮುಂದಿನ ಚಕ್ರದ ತೋಳುಗಳನ್ನು ಮುರಿಯುತ್ತವೆ. ಕಾರಿನ ತಳಕ್ಕೂ ನೆಲಕ್ಕೂ ಕೆಲವೇ ಮಿಲಿಮೀಟರುಗಳ ಅಂತರವಿರುವುದರಿಂದ ಹೊಸ್ತಿಲನ್ನು ದಾಟಿಸುವ ಹಾದಿ ಹಾಕಲಾಗದು. ಮಂಚ, ಸೋಫಾಗಳ ಹಿಂದೆ ಕಾರು ಮರೆಯಾಗುವಂತೆಯೂ ಇರಬಾರದು.

ಒಂದು ಉದ್ದ ನೇರ ಹಾದಿ, ಅದರ ತುದಿಯಲ್ಲಿ ಒಂದು ಬಿಗಿ ತಿರುವು, ಹಿಂದಿರುಗುವಾಗ ಎಡಬಲ ಬಳುಕುವ ಒಂದು ಭಾಗ, ಇಷ್ಟಿದ್ದರೆ ವಾರಗಟ್ಟಲೆ ಅಭ್ಯಾಸಕ್ಕೆ ಸಾಕು. ಬರಿಯ ಅಂಡಾಕಾರದ ಹಾದಿಯಲ್ಲಿ ಒಂದೇ ಕಡೆಗೆ ತಿರುಗುವುದು ಮಾತ್ರ ಅಭ್ಯಾಸವಾಗುತ್ತದೆ.

ಚಾಲನೆ

ಚಾಲಕನು ಕಾರಿನೊಂದಿಗೆ ಓಡಾಡದೆ ಒಂದೇ ಜಾಗದಲ್ಲಿ ನಿಲ್ಲುತ್ತಾನೆ. ಪಿಸ್ತೂಲಿನಾಕಾರದ ರಿಮೋಟಿನ ಟ್ರಿಗರ್ ತೋರುಬೆರಳಿಗೂ, ಬದಿಯಲ್ಲಿರುವ ಪುಟ್ಟ ಸ್ಟೀರಿಂಗ್ ಚಕ್ರ ಇನ್ನೊಂದು ಕೈಗೂ ಸಿಗುತ್ತದೆ. ಕಲಿಯುವವರನ್ನು ಕಾಡುವ ಮೊದಲ ಸಮಸ್ಯೆ ದಿಕ್ಕಿನದು. ಕಾರು ದೂರ ಹೋಗುವಾಗ ಅದರ ಬಲವೂ ಚಾಲಕನ ಬಲವೂ ಒಂದೇ. ಎದುರಿಗೆ ಬರುವಾಗ ಅದರ ಬಲ ಚಾಲಕನ ಎಡ. ಇದನ್ನು ತರ್ಕಿಸಿ ನಿರ್ಧರಿಸಲು ಸಮಯವಿಲ್ಲ. ತಾನು ಕಾರಿನೊಳಗೇ ಕುಳಿತಿರುವೆನೆಂದು ಭಾವಿಸಿ ಓಡಿಸುವುದು ಅಭ್ಯಾಸವಾಗುವವರೆಗೆ ನಿಧಾನವಾಗಿ ಎಂಟರ ಆಕಾರದಲ್ಲಿ ಸುತ್ತಿಸಬೇಕು.

ಅನೇಕ ರಿಮೋಟುಗಳಲ್ಲಿ ಗರಿಷ್ಠ ವೇಗವನ್ನೂ ಸ್ಟೀರಿಂಗಿನ ವ್ಯಾಪ್ತಿಯನ್ನೂ ತಗ್ಗಿಸುವ ಸೌಲಭ್ಯವಿದೆ. ಹೊಸಬರು ಇದನ್ನು ಬಳಸದೆ ಹೆಚ್ಚು ಶಕ್ತಿಯ ಮೋಟರು ಕೊಳ್ಳುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಮೇಲಿನ ಲೆಕ್ಕದಂತೆ ತಿರುವಿನ ಮಿತಿ ಅಲ್ಲೇ ಉಳಿಯುವುದರಿಂದ, ಚಿಕ್ಕ ಕೋಣೆಯಲ್ಲಿ ಬಲಿಷ್ಠ ಮೋಟರಿನ ಕಾರು ಗೋಡೆಗೆ ಬಡಿಯುವ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಸುತ್ತಿನ ಅವಧಿ ತಗ್ಗುವುದಿಲ್ಲ. ಹಳೆಯ ಮಾದರಿಗಳಲ್ಲಿ ಹೆಚ್ಚು ವಿದ್ಯುತ್ ಎಳೆಯುವ ಮೋಟರು ಹಾಕಿದಾಗ ವೇಗ ನಿಯಂತ್ರಕದ ಟ್ರಾನ್ಸಿಸ್ಟರುಗಳೂ ಸುಟ್ಟುಹೋಗುತ್ತವೆ.

ಓಟದ ಪದ್ಧತಿ

ರೇಡಿಯೊ ನಿಯಂತ್ರಿತ ಕಾರುಗಳ ಓಟದಲ್ಲಿ ಸಾಮಾನ್ಯವಾಗಿ ಸುತ್ತುಗಳ ಸಂಖ್ಯೆಯ ಬದಲು ಅವಧಿ ನಿಗದಿಯಾಗಿರುತ್ತದೆ. ಐದು ಅಥವಾ ಎಂಟು ನಿಮಿಷಗಳಲ್ಲಿ ಹೆಚ್ಚು ಸುತ್ತು ಮುಗಿಸಿದವರು ಗೆಲ್ಲುತ್ತಾರೆ. ಮಗುಚಿದ ಕಾರನ್ನು ಎತ್ತಿ ಹಾದಿಗೆ ಬಿಡುವ ಕೆಲಸ ಆ ಸರದಿಯಲ್ಲಿ ಓಡಿಸದಿರುವವರದು. ಕೂಟಗಳಲ್ಲಿ ಕಾರಿಗೆ ಅಂಟಿಸಿದ ಪುಟ್ಟ ಅವಕೆಂಪು ಸಾಧನವನ್ನು ಹಾದಿಯ ಮೇಲಿನ ಸೇತುವೆ ಗುರುತಿಸಿ ಸುತ್ತು ಎಣಿಸುತ್ತದೆ. ಮನೆಯಲ್ಲಿ ಒಬ್ಬರೇ ಇದ್ದಾಗ ಗಡಿಯಾರವೇ ಎದುರಾಳಿ. ಹತ್ತು ಸುತ್ತುಗಳ ಒಟ್ಟು ಅವಧಿಯನ್ನು ಬರೆದಿಟ್ಟುಕೊಳ್ಳುವುದು ಒಂದೇ ಸುತ್ತಿನ ದಾಖಲೆಗಿಂತ ನಂಬಲರ್ಹ. ಒಂದು ಸಲಕ್ಕೆ ಒಂದೇ ಅಂಶವನ್ನು, ಟೈರು ಅಥವಾ ಸ್ಪ್ರಿಂಗ್ ಅಥವಾ ಗಿಯರು, ಬದಲಿಸದೆ ಹೋದರೆ ಯಾವುದರಿಂದ ಸುಧಾರಣೆಯಾಯಿತೆಂದು ತಿಳಿಯುವುದಿಲ್ಲ.

ಬ್ಯಾಟರಿ ಮತ್ತು ಸುರಕ್ಷತೆ

ನಾಲ್ಕು ಆಲ್ಕಲೈನ್ ಸೆಲ್‌ಗಳು 6 ವೋಲ್ಟ್, ನಾಲ್ಕು ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು 4.8 ವೋಲ್ಟ್ ಒದಗಿಸುತ್ತವೆ. ಸಂಖ್ಯೆ ಕಡಿಮೆಯಾದರೂ ಎರಡನೆಯವೇ ಮೇಲು: ಮೋಟರು ಹೆಚ್ಚು ವಿದ್ಯುತ್ ಎಳೆದಾಗ ಆಲ್ಕಲೈನ್ ಸೆಲ್‌ಗಳ ವೋಲ್ಟೇಜ್ ಬೇಗ ಕುಸಿಯುತ್ತದೆ. ನಾಲ್ಕೂ ಸೆಲ್‌ಗಳು ಒಂದೇ ತಯಾರಿಕೆಯ, ಒಂದೇ ವಯಸ್ಸಿನ ಸೆಲ್‌ಗಳಾಗಿರಬೇಕು. ಪ್ರತಿ ಸೆಲ್ಲನ್ನೂ ಬೇರೆಯಾಗಿ ಗಮನಿಸುವ ಚಾರ್ಜರ್ ಉತ್ತಮ. ಎಎಎ ಗಾತ್ರದಲ್ಲೇ 3.7 ವೋಲ್ಟಿನ ಲಿಥಿಯಂ ಅಯಾನ್ ಸೆಲ್‌ಗಳೂ ಮಾರಾಟಕ್ಕೆ ಸಿಗುತ್ತವೆ. ಅಂತಹ ನಾಲ್ಕನ್ನು ಸಾಲಾಗಿ ಹಾಕಿದರೆ 14.8 ವೋಲ್ಟ್ ಆಗಿ ಸರ್ಕಿಟ್ ಸುಡುತ್ತದೆ. ಲಿಥಿಯಂ ಪಾಲಿಮರ್ ಬ್ಯಾಟರಿ ಇರುವ ಕಾರುಗಳನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗುವುದು ಬೆಂಕಿಗೆ ದಾರಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬಾರದು.

ತಿರುಪು, ಬೇರಿಂಗ್, ಸ್ಪ್ರಿಂಗುಗಳು ನೆಲಕ್ಕೆ ಬಿದ್ದರೆ ಕಣ್ಣಿಗೆ ಕಾಣದಷ್ಟು ಚಿಕ್ಕವಾದ್ದರಿಂದ, ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಕಾರು ಬಿಚ್ಚುವ ಕೆಲಸವನ್ನು ಅಂಚಿರುವ ತಟ್ಟೆಯೊಳಗೆ ಮಾಡುವುದು ಒಳ್ಳೆಯದು.

ಸಂಶೋಧನೆಯಲ್ಲಿ ಬಳಕೆ

ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಸಂಸ್ಥೆಯ ಸಂಶೋಧಕರು ಕ್ಯೋಶೋ ಸಂಸ್ಥೆಯ ಡಿನ್ಯಾನೊ ಸರಣಿಯ 1:43 ಕಾರುಗಳನ್ನು ಸ್ವಯಂಚಾಲಿತ ಓಟದ ಪ್ರಯೋಗಗಳಿಗೆ ಬಳಸಿದ್ದಾರೆ. ಹಾದಿಯ ಮೇಲೆ ತೂಗುಹಾಕಿದ ಕ್ಯಾಮೆರಾ ಕಾರಿನ ಸ್ಥಾನವನ್ನು ಗುರುತಿಸುತ್ತದೆ. ಕಂಪ್ಯೂಟರು ಮುಂದಿನ ಹಾದಿಯನ್ನು ಲೆಕ್ಕಹಾಕಿ ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಸ್ಟೀರಿಂಗ್ ಮತ್ತು ವೇಗದ ಆದೇಶ ಕಳುಹಿಸುತ್ತದೆ. 2015ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಈ ಕಾರುಗಳು ಹಿಂದಿನ ಟೈರುಗಳು ಜಾರುವ ಮಿತಿಯನ್ನು ಮುಟ್ಟಿದಾಗಲೂ ನಿಯಂತ್ರಣದಲ್ಲಿದ್ದು, ಸೆಕೆಂಡಿಗೆ 3 ಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡಿದವು.